ಗಂಟಿನೊಳಗೆ ಗುಳ್ಳೆಗಳ ಓಡಾಟ

ಎದೆಯಲ್ಲಿ ಗಂಟು ಕೈಗೆ ಸಿಕ್ಕರೂ ಗಂಡನಿಗೂ ಹೇಳದೆ ತಿಂಗಳುಗಟ್ಟಲೆ ಮುಚ್ಚಿಡುವ ಹೆಂಗಸರುಂಟು. ಆ ಗಂಟಿನೊಳಗೆ ರಕ್ತ ಹೇಗೆ ಹರಿಯುತ್ತದೆಂದು ತೋರಿಸುವ ಸ್ಕ್ಯಾನು ಈಗ ಬಂದಿದೆ: ಕಾಂಟ್ರಾಸ್ಟ್ ಅಲ್ಟ್ರಾಸೌಂಡ್. ತೋಳಿನ ರಕ್ತನಾಳಕ್ಕೆ ಚುಚ್ಚುವ ಮದ್ದಿನಲ್ಲಿರುವುದು ಕೆಂಪು ರಕ್ತಕಣಕ್ಕಿಂತಲೂ ಸಣ್ಣ ಅನಿಲದ ಗುಳ್ಳೆಗಳು. ರಕ್ತದ ಜೊತೆ ಓಡುತ್ತಾ ಪರದೆಯ ಮೇಲೆ ಬೆಳ್ಳಗೆ ಮಿನುಗುತ್ತವೆ. ಸುಮಾರು 15 ನಿಮಿಷದಲ್ಲಿ ಅನಿಲವೆಲ್ಲ ಉಸಿರಿನಲ್ಲೇ ಹೊರಗೆ!

ಕ್ಯಾನ್ಸರ್ ಗಂಟು ಬೆಳೆಯಲು ಹೊಸ ರಕ್ತನಾಳಗಳನ್ನು ಎಳೆದುಕೊಳ್ಳುತ್ತದೆ. ಈ ಪರೀಕ್ಷೆ ಹುಡುಕುವುದು ಅದನ್ನೇ. ಆದರೆ ತೊಂದರೆಯಿಲ್ಲದ ಫೈಬ್ರೋಅಡಿನೋಮ ಗಂಟಿಗೂ ರಕ್ತ ಜೋರಾಗೇ ನುಗ್ಗುವುದುಂಟು. ಹಾಗಾಗಿ ಅನುಮಾನವಿದ್ದಲ್ಲಿ ಸೂಜಿಯಿಂದ ಚೂರು ತೆಗೆದು ನೋಡುವ ಬಯಾಪ್ಸಿಯದೇ ಕೊನೆ ಮಾತು. ಡಾಕ್ಟರು ಅದು ಬೇಕು ಅಂದ ಮೇಲೂ ಸೂಜಿಗೆ ಹೆದರಿ, ಇನ್ನೊಂದು ಸ್ಕ್ಯಾನು ಮಾಡಿಸ್ತೀವಿ ಅಂತ ದಿನ ತಳ್ಳಿದರೆ ದುಡ್ಡೂ ದಂಡ, ಗಂಟೂ ಬೆಳೆದೀತು.