‘ಟಿವಿ ಆಫ್ ಮಾಡು’ ಎನ್ನುವ ಮೊದಲು

ಗಲ್ಫ್‌ನಿಂದ ಮನೆಗೆ ಫೋನ್ ಮಾಡುವ ಅಪ್ಪಂದಿರ ಬಾಯಲ್ಲಿ ‘ಊಟ ಆಯ್ತಾ’ ಎಂಬುದರ ಹಿಂದೆಯೇ ಬರುವ ಮಾತು ಒಂದಿದೆ: ‘ಟಿವಿ ಆಫ್ ಮಾಡು, ಓದು’. ಮಕ್ಕಳ ಅಂಕಪಟ್ಟಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ನೋಡುವ ನಮಗೆ, ಫೋನಿನಲ್ಲಿ ಕೇಳಿಸುವ ಟಿವಿ ಸದ್ದೇ ಮೊದಲ ಆರೋಪಿ. ಲೆಕ್ಕಪತ್ರದ ಕೆಲಸದಲ್ಲಿರುವ ನಾವಂತೂ ಟಿವಿ ಮುಂದಿನ ಪ್ರತಿ ಅರ್ಧ ಗಂಟೆಯನ್ನೂ ಖರ್ಚಿನ ಕಾಲಂಗೇ ಹಾಕಿಬಿಡುತ್ತೇವೆ. ಆ ಲೆಕ್ಕ ತಪ್ಪು ಎಂದು ಈಗ ಒಪ್ಪಿಕೊಳ್ಳಬೇಕಾಗಿದೆ.

ಕಳೆದ ವರ್ಷ, ಕುಂದಾಪುರದ ಮನೆಯಲ್ಲಿರುವ ಎಂಟನೇ ತರಗತಿಯ ಮಗಳು ನಮಗೊಂದು ವಿಚಿತ್ರ ಪಟ್ಟಿ ಕಳಿಸತೊಡಗಿದಳು. ಟಿವಿ ಜಾಹೀರಾತುಗಳಲ್ಲಿ ಎಷ್ಟು ಸಲ ದೃಶ್ಯ ಬದಲಾಗುತ್ತದೆ ಎಂದು ಎಣಿಸಿ ಬರೆದ ಪಟ್ಟಿ. 30 ಸೆಕೆಂಡಿನ ಸಾಬೂನಿನ ಜಾಹೀರಾತಿನಲ್ಲಿ 19 ದೃಶ್ಯ, ಸಾಬೂನು ಕಾಣುವುದು ಮೂರರಲ್ಲಿ ಮಾತ್ರ, ಉಳಿದದ್ದೆಲ್ಲ ಅಮ್ಮನ ಮುಖ, ಏಕೆ ಅಪ್ಪಾ ಎಂದು ಕೇಳಿದ್ದಳು. ‘ಗಣಿತದಲ್ಲಿ ಇಷ್ಟು ಎಣಿಸಿದ್ದರೆ ಸಾಕಿತ್ತು’ ಎಂದು ಉತ್ತರಿಸಿದೆವು. ಆಮೇಲೆ ಪಟ್ಟಿ ಬರಲಿಲ್ಲ. ನಾವೂ ಕೇಳಲಿಲ್ಲ.

ಹಾಗೆ ಹೇಳುವಾಗ ನಮಗೆ ನಮ್ಮದೇ ಹಳೆಯ ದಿನಗಳು ಮರೆತುಹೋಗಿದ್ದವು. 2006ರ ರಂಜಾನ್ ತಿಂಗಳು. ದುಬೈಗೆ ಬಂದ ಹೊಸತು. ಒಂದು ಕೋಣೆ, ಆರು ಮಂದಿ, ಒಂದು ಟಿವಿ, ದಿನವೂ ರಿಮೋಟ್ ಜಗಳ. ಆಗ ಸಮಾ ದುಬೈ ಚಾನೆಲ್‌ನಲ್ಲಿ ‘ಫ್ರೀಜ್’ ಎಂಬ ಅನಿಮೇಷನ್ ಧಾರಾವಾಹಿ ಶುರುವಾಯಿತು. ತಂಗಳು ಇಡುವ ಪೆಟ್ಟಿಗೆಯಲ್ಲ. ಇಲ್ಲಿನ ಆಡುಮಾತಿನಲ್ಲಿ ಫ್ರೀಜ್ ಎಂದರೆ ಕೇರಿ. ಬದಲಾಗುತ್ತಿರುವ ದುಬೈಯ ಹಳೇ ಕೇರಿಯೊಂದರಲ್ಲಿ ಮುಖಕ್ಕೆ ಸಾಂಪ್ರದಾಯಿಕ ಬುರ್ಖಾ ಕಟ್ಟಿದ ನಾಲ್ವರು ಅಜ್ಜಿಯರು. ಒಬ್ಬಾಕೆ ಕವಿತೆ ಹೇಳುತ್ತಾಳೆ, ಇನ್ನೊಬ್ಬಾಕೆಗೆ ಮರೆವು, ಮತ್ತೊಬ್ಬಾಕೆಯ ಬಾಯಿಗೆ ಬೀಗವಿಲ್ಲ. ಅರಬ್ಬಿ ನಮಗೆ ಅರ್ಥವಾಗುತ್ತಿರಲಿಲ್ಲ. ಆದರೂ ಆರೂ ಮಂದಿ ನಗುತ್ತಿದ್ದೆವು. ಆ ಬಾಯಿಬಡುಕಿ ಅಜ್ಜಿ ನಮ್ಮೆಲ್ಲರ ಊರಲ್ಲೂ ಇದ್ದಳಲ್ಲ!

ಇದನ್ನು ಮಾಡಿದವರು ಮೊಹಮ್ಮದ್ ಸಯೀದ್ ಹಾರಿಬ್ ಎಂಬ ಎಮಿರಾತಿ. 1998ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಓದುತ್ತಿದ್ದಾಗ ‘ಉಮ್ ಸಯೀದ್’ ಎಂಬ ಅಜ್ಜಿಯ ಪಾತ್ರವನ್ನು ಮೊದಲು ಬರೆದರು. ಅಮೆರಿಕದ ಸೂಪರ್‌ಹೀರೋಗಳ ನಡುವೆ ಕುಳಿತ ಹುಡುಗನಿಗೆ ನೆನಪಾದದ್ದು ತನ್ನ ಮನೆಯ ಹಿರಿಯರು. ಅಲ್ಲಿಂದ ಅದು ಟಿವಿಗೆ ಬರಲು ಎಂಟು ವರ್ಷ ಹಿಡಿಯಿತು.

ನಾವು ಚಿಕ್ಕವರಿದ್ದಾಗ ದೂರದರ್ಶನದಲ್ಲಿ ಮತ್ತೆ ಮತ್ತೆ ಬರುತ್ತಿದ್ದ ‘ಏಕ್ ಅನೇಕ್ ಔರ್ ಏಕ್ತಾ’ ಕೂಡ ಹೀಗೆಯೇ. 1974ರಲ್ಲಿ ಫಿಲ್ಮ್ಸ್ ಡಿವಿಷನ್‌ಗಾಗಿ ವಿಜಯಾ ಮುಳೆ ಮಾಡಿದ ಕಿರುಚಿತ್ರ. ಬಲೆಯೊಂದಿಗೇ ಹಾರಿಹೋಗುವ ಹಕ್ಕಿಗಳ ಕಥೆ ಪಂಚತಂತ್ರದಷ್ಟು ಹಳೆಯದು. ಹಿಂದಿ ಬಾರದ ನಮ್ಮ ಮನೆಯಲ್ಲೂ ಅದರ ರಾಗ ಎಲ್ಲರಿಗೂ ಬರುತ್ತಿತ್ತು.

ನಕಲು ಮಾಡುವುದನ್ನು ಸ್ಫೂರ್ತಿ ಎಂದು ನಾವು ಹೇಳುತ್ತಿಲ್ಲ. ಇಲ್ಲಿನ ರಾಜ್ಯೋತ್ಸವಗಳಲ್ಲಿ ಮಕ್ಕಳು ರಿಯಾಲಿಟಿ ಶೋದ ಹೆಜ್ಜೆಗಳನ್ನು ಹಾಗೆಯೇ ಹಾಕಿ ಚಪ್ಪಾಳೆ ಗಿಟ್ಟಿಸುವುದನ್ನು ನೋಡಿ ಸಾಕಾಗಿದೆ. ಗಂಟೆಗಟ್ಟಲೆ ಬಾಯಿ ತೆರೆದು ನೋಡುವುದಕ್ಕೂ ನಮ್ಮ ಬೆಂಬಲವಿಲ್ಲ. ಆದರೆ ‘ಇದನ್ನು ಹೇಗೆ ಮಾಡಿದರು’ ಎಂದು ಕೇಳುವ ಮಗು ಟಿವಿ ನೋಡುತ್ತಿಲ್ಲ, ಕೆಲಸ ಕಲಿಯುತ್ತಿದೆ. ಆ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಬಹುದಿತ್ತು. ಗಣಿತವನ್ನು ಎಳೆದು ತರಬೇಕಿರಲಿಲ್ಲ.

ಈ ಮೇ ತಿಂಗಳ ರಜೆಯಲ್ಲಿ ಊರಿಗೆ ಹೋದಾಗ ಕಪಾಟಿನಲ್ಲಿ ನಮ್ಮ ಹಳೆಯ ಸಿಎ ಪುಸ್ತಕ ಸಿಕ್ಕಿತು. ಆಡಿಟಿಂಗ್‌ನದ್ದು, ಇಟ್ಟಿಗೆಯಷ್ಟು ದಪ್ಪ. ಅದರ ಪುಟಗಳ ಮೂಲೆಯಲ್ಲಿ ಪೆನ್ಸಿಲ್ ಚಿತ್ರಗಳು. ಹೆಬ್ಬೆರಳಿನಿಂದ ಸರ್ರನೆ ಹಾರಿಸಿದರೆ ನಮ್ಮ ಅಮ್ಮ ಕುಟ್ಟಾಣಿಯಲ್ಲಿ ಎಲೆ ಅಡಿಕೆ ಕುಟ್ಟುತ್ತಾರೆ, ಬಾಯಿಗೆ ಹಾಕಿಕೊಳ್ಳುತ್ತಾರೆ, ಯಾರನ್ನೋ ಬೈಯುತ್ತಾರೆ. ಎಣಿಸಿದೆವು, ಅಭ್ಯಾಸಬಲ. 72 ಚಿತ್ರ. ಸಿನಿಮಾದಲ್ಲಿ ಸೆಕೆಂಡಿಗೆ 24 ಚೌಕಟ್ಟು. ಒಂದೊಂದು ಚಿತ್ರವನ್ನು ಎರಡೆರಡು ಬಾರಿ ತೋರಿಸಿ 12ರಲ್ಲಿ ಮುಗಿಸುವುದೂ ಉಂಟು ಎಂದು ಮಗಳು ವಿವರಿಸಿದಳು. ಅಂದರೆ ಆರು ಸೆಕೆಂಡಿನ ಅಜ್ಜಿ. ಬೈಯುವಾಗ ಹುಬ್ಬು ಏರುವುದು ಥೇಟ್ ಅಮ್ಮನದೇ. ವರ್ಷದ ಹನ್ನೊಂದು ತಿಂಗಳು ದೂರವಿರುವ ನಾವು ಆ ಹುಬ್ಬನ್ನು ಅಷ್ಟು ಹತ್ತಿರದಿಂದ ನೋಡಿ ಎಷ್ಟು ಕಾಲವಾಗಿತ್ತು!

‘ನಮಗೇಕೆ ಕಳಿಸಲಿಲ್ಲ’ ಎಂದು ಕೇಳಿದೆವು. ‘ನೀವು ಬೈತೀರಿ ಅಂತ’ ಎಂದಳು.

ಈಗ ಪ್ರತಿ ಭಾನುವಾರ ಹೊಸ ಪುಟಗಳ ವಿಡಿಯೊ ಬರುತ್ತದೆ. ಕಳೆದ ವಾರ ಹಿಂದಿನಿಂದ ಅಮ್ಮನ ಧ್ವನಿಯೂ ಸೇರಿತ್ತು: ‘ಎಂತ ಹೆಣೆ, ನನ್ ಮೂಗ್ ಇಷ್ಟ್ ದೊಡ್ಡದಿತ್ತಾ?’