ಮರಳಗಾಲದ ಲೀಥಿಯಂ, ಬಾರದ ಕಾರು

2020ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ ಸೀಮೆಯ ಎರಡು ಊರುಗಳು, ಮರಳಗಾಲ ಮತ್ತು ಅಲ್ಲಾಪಟ್ಟಣ, ಇದ್ದಕ್ಕಿದ್ದಂತೆ ದೇಶದ ವಾಣಿಜ್ಯ ಪತ್ರಿಕೆಗಳಲ್ಲಿ ಕಾಣಿಸಿಕೊಂಡವು. ಅಲ್ಲಿನ ನೆಲದಡಿ 14,100 ಟನ್ ಲೀಥಿಯಂ ಇದೆ ಎಂಬುದು ಸುದ್ದಿ. ವಿದ್ಯುತ್ ಕಾರಿನ ಬ್ಯಾಟರಿಗೆ ಬೇಕಾದ ಲೋಹ ಅದು. ನಾಗಮಂಗಲದ ಹೆಸರು ಹೊತ್ತ ಪುರಾತನ ಶಿಲಾಪಟ್ಟಿಯಲ್ಲಿ ಹಾದುಹೋಗಿರುವ ಪೆಗ್ಮಟೈಟ್ ಕಲ್ಲಿನಲ್ಲಿ ಅದರ ಅದಿರಿದೆ. ಅರ್ಧ ಕಿಲೋಮೀಟರ್ ಅಗಲ, ಐದು ಕಿಲೋಮೀಟರ್ ಉದ್ದದ ಜಾಗದ ಅಂದಾಜು ಅದು. ಅಂಕಿಯನ್ನು ಹೊರಗೆಡವಿದ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಮುನಿಚಂದ್ರಯ್ಯನವರು, ಚಿಲಿ ದೇಶದ 86 ಲಕ್ಷ ಟನ್ನಿನ ಮುಂದೆ ಇದೇನೂ ದೊಡ್ಡದಲ್ಲ ಎಂಬುದನ್ನೂ ಆಗಲೇ ಹೇಳಿದ್ದರು. ಮೊದಲ ಮಾತು ಊರೂರು ಸುತ್ತಿತು. ಎರಡನೆಯದನ್ನು ಕೇಳಿಸಿಕೊಂಡವರು ಕಡಿಮೆ.

ವರ್ಷ ತುಂಬುವಷ್ಟರಲ್ಲಿ, 2021ರ ಫೆಬ್ರುವರಿಯಲ್ಲಿ, ಕೇಂದ್ರ ಸರ್ಕಾರ ಸಂಸತ್ತಿಗೆ ಕೊಟ್ಟ ಉತ್ತರದಲ್ಲಿ ಅಂಕಿ 1,600 ಟನ್ನಿಗೆ ಇಳಿದಿತ್ತು. ಮೇಲ್ಮೈ ಸಮೀಕ್ಷೆ ಮತ್ತು ನೆಲದಡಿ ನಡೆಸಿದ ಅಷ್ಟಿಷ್ಟು ಶೋಧದ ಆಧಾರದ ಮೇಲೆ ಹೇಳಿದ್ದು; ‘ಊಹಿತ’ ವರ್ಗಕ್ಕೆ ಸೇರಿದ್ದು. 2024ರ ಜುಲೈನಲ್ಲಿ ಅದೇ 1,600 ಟನ್ ಮತ್ತೊಮ್ಮೆ ಸಂಸತ್ತಿನಲ್ಲಿ ಪ್ರಸ್ತಾಪವಾದಾಗ ಮಂಡ್ಯದಲ್ಲಿ ನಿಧಿಯೇ ಸಿಕ್ಕಿತೆಂಬಂತೆ ಹೊಸದಾಗಿ ತಲೆಬರಹಗಳು ಬಂದವು. ಒಂಬತ್ತರಲ್ಲಿ ಒಂದು ಪಾಲಾಗಿ ಹೋದ ಅಂಕಿಗೂ ನಮ್ಮಲ್ಲಿ ಮೆರವಣಿಗೆ ಆಗುತ್ತದೆ.

1,600 ಟನ್ ಅಂದರೆ ಎಷ್ಟು? ಮಧ್ಯಮ ಗಾತ್ರದ ಒಂದು ವಿದ್ಯುತ್ ಕಾರಿನ ಬ್ಯಾಟರಿಗೆ ಸುಮಾರು 8 ಕಿಲೋ ಲೀಥಿಯಂ ಬೇಕು. ಕಲ್ಲಿನಲ್ಲಿರುವುದೆಲ್ಲ ಒಂದು ಗ್ರಾಮೂ ಪೋಲಾಗದೆ ಕೈಗೆ ಬಂದರೂ ಎರಡು ಲಕ್ಷ ಕಾರಿಗಾಗುತ್ತದೆ. ಎಲ್ಲ ಬಗೆಯ ಇಂಧನದ್ದೂ ಸೇರಿ ದೇಶದಲ್ಲಿ ವರ್ಷಕ್ಕೆ 40 ಲಕ್ಷಕ್ಕೂ ಹೆಚ್ಚು ಕಾರು ಮಾರಾಟವಾಗುವಾಗ, ಅದು ಮೂರು ವಾರದ ವ್ಯಾಪಾರಕ್ಕೂ ಸಾಲದು. ಈ ಲೆಕ್ಕಕ್ಕೆ ಕಾಗದ, ಪೆನ್ಸಿಲ್ ಸಾಕು. ಆದರೂ ಯಾರೂ ಮಾಡುವುದಿಲ್ಲವಲ್ಲ, ಏಕೆ?

ಅಂಕಿಯ ಜೊತೆ ಹುಟ್ಟಿದ ಷರತ್ತುಗಳು ದಾರಿಯಲ್ಲೇ ಉದುರುತ್ತವೆ, ಅದಕ್ಕೆ. ‘ಊಹಿತ’, ‘ಅಂದಾಜು’, ‘ಗುರಿ’, ‘ಎಲ್ಲ ಸರಿಹೋದರೆ’ ಎಂಬ ಮಾತುಗಳು ವರದಿಯಲ್ಲಿ ಇರುತ್ತವೆ, ತಲೆಬರಹದಲ್ಲಿ ಇರುವುದಿಲ್ಲ, ಟೀ ಅಂಗಡಿಗೆ ಬರುವಷ್ಟರಲ್ಲಿ ಅಂಕಿಯೊಂದೇ ಉಳಿಯುತ್ತದೆ. ಹೇಳಿದವರಲ್ಲಿ ಒಬ್ಬರೂ ಸುಳ್ಳು ಹೇಳಿರಬೇಕಿಲ್ಲ. ವಿದ್ಯುತ್ ವಾಹನ ಕಂಪನಿಗಳ ಸುತ್ತ ಏಳುವ ಅಬ್ಬರವೂ ಬಹುಪಾಲು ಹೀಗೆಯೇ. ಅದನ್ನು ಬರೀ ಮೋಸವೆಂದು ಬೈದು ಸುಮ್ಮನಾದರೆ ನಮಗೆ ಏನೂ ತಿಳಿದಂತಾಗುವುದಿಲ್ಲ.

ಬೆಂಗಳೂರಿನ ಓಲಾ ಎಲೆಕ್ಟ್ರಿಕ್ ಕಂಪನಿ 2022ರ ಆಗಸ್ಟ್ 15ರಂದು ತನ್ನ ವಿದ್ಯುತ್ ಕಾರನ್ನು ಘೋಷಿಸಿತು. ಒಂದು ಚಾರ್ಜಿಗೆ 500 ಕಿಲೋಮೀಟರಿಗೂ ಹೆಚ್ಚು ಓಟ, ನಿಂತಲ್ಲಿಂದ ನೂರು ಕಿಲೋಮೀಟರ್ ವೇಗಕ್ಕೆ ನಾಲ್ಕು ಸೆಕೆಂಡು, 2024ಕ್ಕೆ ರಸ್ತೆಗೆ. 2024 ಬಂತು, ಕಾರು ಬರಲಿಲ್ಲ, ಷೇರು ಬಂತು. ಕಾರಿನ ಯೋಜನೆಯನ್ನು ಬದಿಗಿಟ್ಟು ದ್ವಿಚಕ್ರ ವಾಹನದ ಕಡೆಗೇ ಗಮನ ಕೊಡುವುದಾಗಿ ಕಂಪನಿ ತೀರ್ಮಾನಿಸಿತು. ಆ ಆಗಸ್ಟ್‌ನಲ್ಲೇ 76 ರೂಪಾಯಿಯ ದರದಲ್ಲಿ ಸಾರ್ವಜನಿಕರಿಂದ 6,145 ಕೋಟಿ ರೂಪಾಯಿ ಎತ್ತುವ ಷೇರು ಬಿಡುಗಡೆಯೂ ನಡೆಯಿತು. 9ರಂದು ಪೇಟೆಗೆ ಬಂದ ಷೇರು 20ರ ಹೊತ್ತಿಗೆ 157 ರೂಪಾಯಿ ಮುಟ್ಟಿತು. ನವೆಂಬರಿನ ಹೊತ್ತಿಗೆ 76ಕ್ಕಿಂತ ಕೆಳಗಿತ್ತು. ಮರುವರ್ಷ ಐವತ್ತರ ಗೆರೆಯನ್ನೂ ದಾಟಿ ಇಳಿಯಿತು.

ಆ ಹನ್ನೊಂದು ದಿನದಲ್ಲಿ ಕಾರ್ಖಾನೆಯಲ್ಲಿ ಏನಾಗಿತ್ತು? ಸ್ಕೂಟರಿನ ಮೋಟಾರು ಎರಡು ಪಟ್ಟು ಗಟ್ಟಿಯಾಯಿತೆ? ಬ್ಯಾಟರಿಯ ಖರ್ಚು ಅರ್ಧಕ್ಕಿಳಿಯಿತೆ? ಏರಿದ್ದು ನಿರೀಕ್ಷೆಯೊಂದೇ. ಲಾಭ ಕಾಣದ ಕಂಪನಿ ಷೇರು ಬಿಡುವಾಗ ಸಣ್ಣ ಹೂಡಿಕೆದಾರರಿಗೆ ಶೇ 10ಕ್ಕಿಂತ ಹೆಚ್ಚು ಪಾಲು ಕೊಡಕೂಡದು, ಬಹುಪಾಲು ದೊಡ್ಡ ಸಂಸ್ಥೆಗಳಿಗೇ ಹೋಗಬೇಕು ಎಂಬುದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ನಿಯಮ. ಒಳ್ಳೆಯ ನಿಯಮವೇ. ಆದರೆ ಅದರ ಕಾವಲು ಬಿಡುಗಡೆಯ ದಿನಕ್ಕೆ ಮುಗಿಯುತ್ತದೆ. ಮುಂಬಾಗಿಲಲ್ಲಿ ತಡೆದು ನಿಲ್ಲಿಸಿದವರು ಮಾರನೇ ವಾರ ಫೋನಿನ ಆ್ಯಪ್ ತೆರೆದು 120ಕ್ಕೆ, 150ಕ್ಕೆ ಕೊಳ್ಳುವುದನ್ನು ಯಾರೂ ತಡೆಯುವುದಿಲ್ಲ. 76ಕ್ಕೆ ಪಡೆದವರಲ್ಲಿ ಮಾರಿ ಹೊರಬಂದವರು ಗೆದ್ದರು. ಅವರಿಂದ ಕೊಂಡವರ ಕೈಯಲ್ಲಿ ಕಾಗದ ಉಳಿಯಿತು.

ಇದಕ್ಕೆ ಎದುರಾಗಿ ತೂಕದ ವಾದವೊಂದಿದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬೇಡಿ ಎಂದು ಗಾದೆ ಹೇಳುತ್ತದೆ. ಕಾರಿನ ಕಂಪನಿಗೆ ಆ ಬುದ್ಧಿ ಹೇಳಿದರೆ ಕೂಸೇ ಹುಟ್ಟುವುದಿಲ್ಲ. ಅಚ್ಚು, ಯಂತ್ರ, ಬ್ಯಾಟರಿ ಘಟಕ, ಅಪಘಾತದ ಪರೀಕ್ಷೆ, ಇವಕ್ಕೆಲ್ಲ ಮೊದಲ ಕಾರು ಮಾರಾಟವಾಗುವ ಮುನ್ನವೇ ಸಾವಿರಾರು ಕೋಟಿ ಬೇಕು. ಆ ಹಣವನ್ನು ಯಾರೋ ನಂಬಿ ಕೊಡಬೇಕು. ಕನಸು ಮಾರದೆ ನಂಬಿಸುವುದು ಹೇಗೆ?

ರೇವಾ ಕಾರಿನ ಕಥೆಯನ್ನು ನೋಡಿದರೆ ಈ ವಾದಕ್ಕೆ ಬಲ ಬರುತ್ತದೆ. ಚೇತನ್ ಮೈನಿ ಅವರ ರೇವಾ ಕಂಪನಿ ಬೆಂಗಳೂರಿನಲ್ಲಿ ಶುರುವಾದದ್ದು 1994ರಲ್ಲಿ. ಕಾರು ರಸ್ತೆಗಿಳಿದದ್ದು 2001ರಲ್ಲಿ: ಸೀಸ-ಆಮ್ಲದ ಬ್ಯಾಟರಿ, ಆಟಿಕೆಯಂಥ ಮೈ, ಒಂದು ಚಾರ್ಜಿಗೆ 80 ಕಿಲೋಮೀಟರ್. ಲಂಡನ್ನಿನಲ್ಲಿ ಅದು ಜಿ-ವಿಜ್ ಎಂಬ ಹೆಸರಿನಲ್ಲಿ ಓಡಾಡಿತು. 2010ರವರೆಗೆ ಲೋಕದಾದ್ಯಂತ ಮಾರಾಟವಾದದ್ದು ಸುಮಾರು 4,000. ಆ ವರ್ಷ ಮಹೀಂದ್ರ ಸಂಸ್ಥೆ ಶೇ 55ರಷ್ಟು ಪಾಲನ್ನು ಕೊಂಡಿತು. ಇಂದು ಮಹೀಂದ್ರದ ದೊಡ್ಡ ವಿದ್ಯುತ್ ಕಾರುಗಳನ್ನು ರಸ್ತೆಯಲ್ಲಿ ನೋಡುವವರು ಆ ವಂಶಾವಳಿಯ ಬುಡದಲ್ಲಿ ರೇವಾ ಇರುವುದನ್ನು ಮರೆತಿದ್ದಾರೆ. ಷೇರುಪೇಟೆಯ ಜಾತ್ರೆಗೆ ಹೋಗದ ಕಂಪನಿ ಅದು. ಯಾರ ಮನೆಯನ್ನೂ ಹಾಳು ಮಾಡಲಿಲ್ಲ, ದೊಡ್ಡದಾಗಿ ಬೆಳೆಯಲೂ ಇಲ್ಲ. ಅಬ್ಬರದ ಹಣ ಹರಿದಿದ್ದರೆ ರೇವಾದಿಂದ ಇಂದಿನ ಕಾರುಗಳವರೆಗೆ ಹಿಡಿದ ಮೂವತ್ತು ವರ್ಷ ಹದಿನೈದಾಗುತ್ತಿತ್ತೋ ಏನೋ. ಈ ಸಾಧ್ಯತೆಯನ್ನು ನಾನು ತಳ್ಳಿಹಾಕಲಾರೆ.

ಹಾಗಾಗಿ ನನ್ನ ತಕರಾರು ನಿರೀಕ್ಷೆಯ ಮೇಲಲ್ಲ. ನಿರೀಕ್ಷೆ ತಪ್ಪಿದಾಗ ಅದರ ಖರ್ಚು ಯಾರ ತಲೆಗೆ ಎಂಬುದರ ಮೇಲೆ. ಅದೇ ಮಂಡ್ಯ ಜಿಲ್ಲೆಯ ಪಾಂಡವಪುರದ ರೈತರಿಗೆ ಷೇರುದಾರಿಕೆ ಹೊಸದೇನಲ್ಲ. ಅಲ್ಲಿನ ಸಹಕಾರಿ ಸಕ್ಕರೆ ಕಾರ್ಖಾನೆಯಲ್ಲಿ ಅವರು ಷೇರು ಹಿಡಿದಿದ್ದರು. ಕಾರ್ಖಾನೆ ಮುಗ್ಗರಿಸಿ, ನಿಂತು, ಕೊನೆಗೆ 2020ರಲ್ಲಿ ನಲವತ್ತು ವರ್ಷಕ್ಕೆ ಖಾಸಗಿಯವರ ಗುತ್ತಿಗೆಗೆ ಹೋಯಿತು. ಷೇರುದಾರರಾಗಿದ್ದು ಅವರನ್ನು ಕಾಪಾಡಲಿಲ್ಲ, ನಿಜ. ಆದರೆ ಕಬ್ಬಿನ ತೂಕ, ಇಳುವರಿ, ಬಾಕಿ ಬಟವಾಡೆ, ಒಂದೊಂದೂ ಅವರಿಗೆ ಕಣ್ಣಳತೆಯಲ್ಲೇ ಗೊತ್ತಿತ್ತು. ಕಾರ್ಖಾನೆ ನುರಿಸುವುದನ್ನು ನಿಲ್ಲಿಸಿದರೆ ಚಿಮಣಿಯ ಹೊಗೆ ನೋಡಿಯೇ ತಿಳಿಯುತ್ತಿತ್ತು. ಗೇಟಿನ ಮುಂದೆ ಧರಣಿ ಕೂರಲು ಜಾಗವಿತ್ತು. ಫೋನಿನಲ್ಲಿ ಐವತ್ತು ಷೇರು ಕೊಂಡವನಿಗೆ ಇದಾವುದೂ ಇಲ್ಲ. ಅವನ ಕಣ್ಣಿಗೆ ಬೀಳುವ ಚಿಮಣಿ ಎಂದರೆ ಕೆಂಪು, ಹಸಿರು ಗೆರೆ.

ವಾಹನ ಕೊಂಡವನು ಷೇರು ಕೊಂಡವನಿಗಿಂತ ಜಾಣ. ಕೆ.ಆರ್. ಪೇಟೆ ಕಡೆಯ ಒಂದು ಊರಿನಲ್ಲಿ ಬೆಳಗಿನ ಹೊತ್ತು ಡೈರಿಗೆ ಹಾಲು ಹಾಕಲು ಬಂದಿದ್ದ ಒಬ್ಬರ ವಿದ್ಯುತ್ ಸ್ಕೂಟರು ನೋಡಿದೆ. ಕಾಲಿಡುವ ಜಾಗದಲ್ಲಿ ಹಾಲಿನ ಕ್ಯಾನು, ಹಿಂದೆ ಹಿಂಡಿ ಮೂಟೆ. ಎಷ್ಟು ಓಡುತ್ತದೆ ಎಂದು ಕೇಳಿದ್ದಕ್ಕೆ, “ಕಂಪ್ನಿಯೋರು ನೂರಿಪ್ಪತ್ತು ಅಂತಾರೆ ಸಾ. ಕ್ಯಾನು ಏರ್ಕಂಡ್ ಹೊಂಟ್ರೆ ಎಂಬತ್ತು ಬಂದ್ರೆ ಹೆಚ್ಚು. ನಾನು ಎಪ್ಪತ್ತು ಅಂತ ಇಟ್ಕಂಡಿವ್ನಿ” ಎಂದರು. ಪರೀಕ್ಷಾಲಯದ ಓಟ ಬೇರೆ, ದಿಣ್ಣೆ ಹತ್ತುವ ಓಟ ಬೇರೆ ಎಂಬುದು ಅವರಿಗೆ ವಾರದೊಳಗೆ ತಿಳಿದಿದೆ. ನೂರಿಪ್ಪತ್ತರಿಂದ ಉದುರಿಹೋಗಿದ್ದ ಷರತ್ತನ್ನು ಅವರೇ ಮರಳಿ ಅಂಟಿಸಿಕೊಂಡಿದ್ದಾರೆ. ಷೇರು ಕೊಳ್ಳುವಾಗ ಹೀಗೆ ಮೂಟೆ ಹೇರಿ ನೋಡುವ ದಾರಿಯಿಲ್ಲ. ಅದಕ್ಕೇ ಕಂಪನಿಯ ಬಾಯಿಂದಲೇ ಷರತ್ತು ಹೇಳಿಸಬೇಕು.

ಈಗಲೂ ಹೇಳಿಸುತ್ತೇವಲ್ಲ ಎನ್ನಬಹುದು. ಷೇರು ಬಿಡುಗಡೆಯ ದಾಖಲೆಯಲ್ಲಿ ಅಪಾಯಗಳ ಅಧ್ಯಾಯ ಪುಟಗಟ್ಟಲೆ ಇರುತ್ತದೆ. ಎಲ್ಲ ಅಪಾಯವನ್ನೂ ಬರೆದ ಪಟ್ಟಿಯಲ್ಲಿ ನಿಜವಾದ ಅಪಾಯ ಅಡಗಿ ಕೂರುತ್ತದೆ. ಅದಕ್ಕಿಂತ ಒಂದೇ ಪುಟದ ಲೆಕ್ಕ ಸಾಕು: ಹಿಂದೆ ಕೊಟ್ಟ ಮಾತು, ಕೊಟ್ಟ ತಾರೀಖು, ಆದದ್ದೇನು. ಹೊಸ ಮಾದರಿ ಘೋಷಿಸಿದಾಗಲೆಲ್ಲ ಹಳೆಯದರ ಗತಿಯನ್ನೂ ಅದೇ ವೇದಿಕೆಯಲ್ಲಿ ಹೇಳಬೇಕು. ಕನಸು ಮಾರುವುದಕ್ಕೆ ಇದು ಅಡ್ಡಿಯಲ್ಲ. ಮುಗ್ಗರಿಸಿದ್ದನ್ನು ಒಪ್ಪಿಕೊಳ್ಳುವವರಿಗೆ ಹಣ ಕೊಡುವವರು ಸಿಗದೇ ಇರುವುದಿಲ್ಲ. ಮುಚ್ಚಿಡುವವರ ಕಥೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಅಮೆರಿಕದ ನಿಕೋಲಾ ಇದೆ. ಇಳಿಜಾರಿನಲ್ಲಿ ಉರುಳಿಬಿಟ್ಟ ಲಾರಿಯನ್ನು ತಾನಾಗಿ ಓಡುತ್ತಿದೆ ಎನ್ನುವಂತೆ ವಿಡಿಯೊ ಮಾಡಿ ತೋರಿಸಿದ ಕಂಪನಿ ಅದು. 2020ರ ಜೂನ್‌ನಲ್ಲಿ ಅದರ ಷೇರುಗಳ ಒಟ್ಟು ಬೆಲೆ ಫೋರ್ಡನ್ನೂ ಮೀರಿತ್ತು. 2025ರ ಫೆಬ್ರುವರಿಯಲ್ಲಿ ದಿವಾಳಿ ಅರ್ಜಿ ಹಾಕಿತು.

ಮರಳಗಾಲದ ವಿಷಯ ಇನ್ನೂ ಮುಗಿದಿಲ್ಲ. 2023ರ ಆಗಸ್ಟ್‌ನಲ್ಲಿ ಗಣಿ ಕಾನೂನಿಗೆ ತಿದ್ದುಪಡಿಯಾಗಿ ಲೀಥಿಯಂ ಅಣು ಖನಿಜಗಳ ಪಟ್ಟಿಯಿಂದ ಹೊರಬಂತು. ಖಾಸಗಿ ಕಂಪನಿಗಳಿಗೆ ಹರಾಜು ಹಾಕಲು ದಾರಿಯಾಯಿತು. ಜಮ್ಮುವಿನ ರಿಯಾಸಿಯಲ್ಲಿ 59 ಲಕ್ಷ ಟನ್ ಸಿಕ್ಕಿತೆಂದು ಅದೇ ವರ್ಷ ದೇಶವೆಲ್ಲ ಕುಣಿದಿತ್ತು. ಹರಾಜಿಗಿಟ್ಟಾಗ ಬೇಕಾದಷ್ಟು ಬಿಡ್ಡುದಾರರು ಬರದೆ ಅದನ್ನು ರದ್ದು ಮಾಡಬೇಕಾಯಿತು. ತಮ್ಮದೇ ಹಣ ಹಾಕಬೇಕಾದವರು ಷರತ್ತುಗಳನ್ನು ಓದಿಕೊಂಡೇ ಬರುತ್ತಾರೆ. ಮಂಡ್ಯದ ಕಲ್ಲು ಹರಾಜಿಗೆ ಬಂದ ದಿನ ಗೆದ್ದ ಕಂಪನಿಯ ಷೇರು ಏರಬಹುದು. ಸುತ್ತಲ ಹೊಲಗಳಿಗೆ ದಲ್ಲಾಳಿಗಳೂ ಬರಬಹುದು. ಕಲ್ಲು ಸಿಡಿಸುವ ಸದ್ದು ಮನೆಯ ಗೋಡೆಗೆ ಏನು ಮಾಡುತ್ತದೆ ಎಂಬುದನ್ನು ಪಾಂಡವಪುರದ ಬೇಬಿ ಬೆಟ್ಟದ ಕಲ್ಲುಗಣಿಗಳ ಸುತ್ತಲಿನವರು ಹೇಳಬಲ್ಲರು. ಎಷ್ಟು ಕೊಳವೆ ಕೊರೆದರು, ಎಷ್ಟು ಆಳಕ್ಕೆ, ಪ್ರತಿ ಟನ್ ಕಲ್ಲಿಗೆ ಎಷ್ಟು ಲೋಹ, ಅದನ್ನು ತೊಳೆದು ಬೇರ್ಪಡಿಸಲು ನೀರು ಎಲ್ಲಿಂದ ಎಂಬ ವಿವರ ಸರ್ಕಾರದ ಕಡತದಲ್ಲಿ ಇಂಗ್ಲಿಷಿನಲ್ಲಿ ಇರುತ್ತದೆ. ಹರಾಜಿನ ತಾರೀಖು ಗೊತ್ತಾಗುವ ಮೊದಲೇ ಅದು ಕನ್ನಡದಲ್ಲಿ, ಊಹೆ ಎಷ್ಟು ಖಾತ್ರಿ ಎಷ್ಟು ಎಂದು ಬಿಡಿಸಿ ಬರೆದು, ಅಲ್ಲಿನ ಗ್ರಾಮ ಪಂಚಾಯಿತಿ ಕಚೇರಿಯಲ್ಲಿ ಕೇಳಿದವರ ಕೈಗೆ ಸಿಗಬೇಕು.