ಕೈ ನಡುಗುವ ಮುನ್ನ

ಮನೆಯ ಹಿರಿಯರ ನಡಿಗೆ ನಿಧಾನವಾದರೆ, ಕೈಬರಹ ಕಿರಿದಾಗುತ್ತಾ ಹೋದರೆ, ಅತ್ತರಿನ ಪರಿಮಳ ಅವರ ಮೂಗಿಗೆ ತಿಳಿಯದಾದರೆ ನಾವು ಅದನ್ನು ಕಾಯಿಲೆಯೆಂದು ಭಾವಿಸುವುದಿಲ್ಲ. ವಯಸ್ಸಾಯಿತು ಎನ್ನುತ್ತೇವೆ. ಅರವತ್ತಕ್ಕೆ ಅರಳು ಮರಳು ಎಂಬ ಗಾದೆಯಂತೂ ಸಿದ್ಧವಾಗಿಯೇ ಇದೆ. ಕೈ ನಡುಗಿ ಚಹಾದ ಲೋಟ ಜಾರಿದ ಬಳಿಕವೇ ನಮಗೆ ವೈದ್ಯರ ನೆನಪಾಗುವುದು. ಅಷ್ಟರಲ್ಲಿ ಮೆದುಳಿನಲ್ಲಿ ಡೋಪಮೈನ್ ಉತ್ಪಾದಿಸುವ ಜೀವಕೋಶಗಳ ದೊಡ್ಡ ಪಾಲು ನಾಶವಾಗಿರುತ್ತದೆ. ಪಾರ್ಕಿನ್ಸನ್ ಕಾಯಿಲೆಯ ಕ್ರೌರ್ಯ ಇರುವುದೇ ಈ ಮೌನದಲ್ಲಿ.

ಯಂತ್ರ ಕಲಿಕೆ ಎಂಬ ಗಣಕ ವಿದ್ಯೆ ಈ ಮೌನವನ್ನು ಆಲಿಸಲು ಹೊರಟಿದೆ. ಡಮಾಸ್ಕಸ್‌ನಲ್ಲಿ ಹುಟ್ಟಿ, ಅಲ್ಲಿನ ವಿಶ್ವವಿದ್ಯಾನಿಲಯದಲ್ಲೇ ಪದವಿ ಪಡೆದು, ಇಂದು ಅಮೆರಿಕದ ಎಂಐಟಿಯಲ್ಲಿ ಪ್ರಾಧ್ಯಾಪಕಿಯಾಗಿರುವ ದೀನಾ ಕತಾಬಿಯವರ ತಂಡ 2022ರಲ್ಲಿ ಪ್ರಕಟಿಸಿದ ಸಂಶೋಧನೆಯನ್ನೇ ನೋಡಿ. ಗೋಡೆಯ ಮೇಲಿನ ಪೆಟ್ಟಿಗೆಯೊಂದು ರೇಡಿಯೊ ಅಲೆಗಳ ಮೂಲಕ ಮಲಗಿದವರ ಉಸಿರಾಟವನ್ನು ಗ್ರಹಿಸುತ್ತದೆ. ದೇಹಕ್ಕೆ ತಂತಿಯಿಲ್ಲ, ಸೂಜಿಯಿಲ್ಲ. ಆ ಉಸಿರಿನ ಲಯದಿಂದ ಕಾಯಿಲೆಯ ಗುರುತು ಹಿಡಿಯಲು ಗಣಕಕ್ಕೆ ಕಲಿಸಲಾಗಿದೆ. ಮರುವರ್ಷ ಲಂಡನಿನ ಮೂರ್‌ಫೀಲ್ಡ್ಸ್ ಕಣ್ಣಿನ ಆಸ್ಪತ್ರೆಯ ಸಂಶೋಧಕರು ಒಂದೂವರೆ ಲಕ್ಷಕ್ಕೂ ಅಧಿಕ ರೋಗಿಗಳ ದಾಖಲೆಗಳನ್ನು ಶೋಧಿಸಿ, ರೋಗಲಕ್ಷಣಗಳು ಪ್ರಕಟವಾಗುವುದಕ್ಕೆ ಸರಾಸರಿ ಏಳು ವರ್ಷ ಮೊದಲೇ ಅಕ್ಷಿಪಟದ ಪದರಗಳಲ್ಲಿ ವ್ಯತ್ಯಾಸ ಕಾಣುತ್ತದೆ ಎಂದರು. ಇಂತಹವರಿಗೆ ಕಾಯಿಲೆ ಬಂದೇ ಬರುತ್ತದೆ ಎಂದು ಹೇಳುವ ಹಂತ ಇನ್ನೂ ತಲುಪಿಲ್ಲ ಎಂದೂ ಅವರೇ ಎಚ್ಚರಿಸಿದ್ದಾರೆ. ಪತ್ರಿಕೆಗಳ ತಲೆಬರಹಗಳಲ್ಲಿ ಈ ಎರಡನೆಯ ಮಾತು ಕಾಣುವುದು ಅಪರೂಪ!

ಲಂಡನಿನ ಸಾಧನೆ ಕೇವಲ ಯಂತ್ರದ್ದಲ್ಲ. ಅಲ್ಲಿ ಕಣ್ಣಿನ ಆಸ್ಪತ್ರೆಯ ದಾಖಲೆಯನ್ನು ದೇಶದ ಇತರ ಆಸ್ಪತ್ರೆಗಳ ದಾಖಲೆಯೊಂದಿಗೆ ಜೋಡಿಸಲು ಸಾಧ್ಯವಾಯಿತು, ಏಕೆಂದರೆ ಅಲ್ಲಿ ಸಾರ್ವಜನಿಕ ಆರೋಗ್ಯ ವ್ಯವಸ್ಥೆಯಿದೆ. ನಮ್ಮಲ್ಲಿ ಔಷಧ ಚೀಟಿಗಳು ಕಪಾಟಿನ ಪ್ಲಾಸ್ಟಿಕ್ ಚೀಲದಲ್ಲಿರುತ್ತವೆ. ವೈದ್ಯರು ಬದಲಾದಂತೆ ರೋಗದ ಕಥೆಯೂ ಮೊದಲಿನಿಂದ ಆರಂಭವಾಗುತ್ತದೆ.

ಯಂತ್ರ ಕಲಿಯುವುದು ತಾನು ಕಂಡವರಿಂದ ಮಾತ್ರ. ಅಮೆರಿಕನ್ನರ ಉಸಿರನ್ನು, ಇಂಗ್ಲಿಷರ ಕಣ್ಣನ್ನು ಓದಲು ಕಲಿತ ಯಂತ್ರವು ನಮ್ಮ ಗಲ್ಲಿಯ ಬೀಡಿ ಕಟ್ಟುವ ತಾಯಂದಿರ ವಿಷಯದಲ್ಲಿ ಅಷ್ಟೇ ನಿಖರವಾಗಿರುತ್ತದೆಯೇ? ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಬೆಂಗಳೂರಿನ ಮೆದುಳು ಸಂಶೋಧನಾ ಕೇಂದ್ರವು 45 ದಾಟಿದ 10,000 ಗ್ರಾಮೀಣ ಜನರನ್ನು ವರ್ಷಾನುಗಟ್ಟಲೆ ಪರೀಕ್ಷಿಸುವ ಅಧ್ಯಯನ ಕೈಗೊಂಡಿರುವುದು ಈ ದೃಷ್ಟಿಯಿಂದ ಸ್ವಾಗತಾರ್ಹ. ಅದರ ಗಮನ ಮುಖ್ಯವಾಗಿ ಮರೆವಿನ ಕಾಯಿಲೆಯ ಮೇಲಿದೆ. ಪಾರ್ಕಿನ್ಸನ್‌ಗೂ, ಪಟ್ಟಣಗಳಿಗೂ ಅಂತಹದ್ದು ಬೇಕು.

ಆದರೆ ಮನೆಬಾಗಿಲಿಗೆ ಬಂದು ಮಾಹಿತಿ ಕೇಳುವವರನ್ನು ಕಂಡರೆ ನಮ್ಮವರಲ್ಲಿ ಸಂಶಯ ಮೂಡುತ್ತದೆ. ಆ ಸಂಶಯ ನಿರಾಧಾರವೆಂದು ನಾವು ಹೇಳಲಾರೆವು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯು ಆರೋಗ್ಯ ಮಾಹಿತಿಗೆ ಪ್ರತ್ಯೇಕವಾದ, ಹೆಚ್ಚು ಬಿಗಿಯಾದ ವರ್ಗವನ್ನು ಕಲ್ಪಿಸಿಲ್ಲ. ಏಳು ವರ್ಷ ಮುಂಚಿತವಾಗಿ ರೋಗ ತಿಳಿಯುವುದಾದರೆ ಅದು ಮೊದಲು ತಿಳಿಯಬೇಕಾದುದು ಮಗನಿಗೋ, ವಿಮಾ ಕಂಪೆನಿಗೋ? ಸರಕಾರ ಉತ್ತರಿಸಬೇಕು.

ಗುಣಪಡಿಸಲಾಗದ ರೋಗವನ್ನು ಬೇಗ ತಿಳಿದು ಪ್ರಯೋಜನವೇನೆಂದು ಕೇಳುವವರಿದ್ದಾರೆ. ಈ ಕಾಯಿಲೆಯನ್ನು ತಡೆದು ನಿಲ್ಲಿಸುವ ಔಷಧ ಇಂದಿಗೂ ಇಲ್ಲ, ನಿಜ. ಆದರೆ ವ್ಯಾಯಾಮದಿಂದ ಚಲನೆ ಸುಧಾರಿಸುತ್ತದೆ, ಬೀಳುವುದನ್ನು ತಪ್ಪಿಸಬಹುದು, ವಾಂತಿಗೆ ಕೊಡುವ ಕೆಲವು ಮಾತ್ರೆಗಳು ಈ ರೋಗವನ್ನು ಉಲ್ಬಣಿಸುವುದರಿಂದ ಅವುಗಳಿಂದ ದೂರವಿರಬಹುದು. ಸಾಲದ ಲೆಕ್ಕ, ಆಸ್ತಿಯ ಪಾಲು, ಹಜ್ಜ್ ಯಾತ್ರೆ ಇವೆಲ್ಲವನ್ನೂ ದೇಹ ಸಹಕರಿಸುತ್ತಿರುವಾಗಲೇ ಪೂರೈಸಿಕೊಳ್ಳಬಹುದು. ಇದು ಸಣ್ಣ ಪ್ರಯೋಜನವೇ?

ಯಂತ್ರ ಸಂಶಯ ಸೂಚಿಸಿದ ಬಳಿಕ ಅದನ್ನು ದೃಢಪಡಿಸಲು ನರರೋಗ ತಜ್ಞರೇ ಬೇಕು, ಅವರಿರುವುದೋ ಬಹುತೇಕ ದೊಡ್ಡ ನಗರಗಳಲ್ಲಿ. ನಿಮ್ಹಾನ್ಸ್ ಸಹಯೋಗದಲ್ಲಿ ರಾಜ್ಯ ಸರಕಾರ 2022ರಲ್ಲಿ ಮೆದುಳಿನ ಆರೋಗ್ಯ ಯೋಜನೆಯನ್ನು ಆರಂಭಿಸಿತು. ಚುನಾವಣೆ ಬಂದಾಗ ರಸ್ತೆ, ಚರಂಡಿಗಳ ಜೊತೆಗೆ, ಆ ಯೋಜನೆಯಡಿ ನಮ್ಮ ಜಿಲ್ಲಾಸ್ಪತ್ರೆಗೆ ಏನು ಬಂದಿದೆ ಎಂದೂ ಶಾಸಕರನ್ನು ಕೇಳೋಣ.